ಮೈಸೂರಿನ ಕಾರ್ಡು ಪ್ಯಾರಿಸ್ಸಿನಲ್ಲಿ ಆಡುವ ಮಾತು

ಮೈಸೂರಿನ ನೋಟು ಮುದ್ರಣಾಲಯದಲ್ಲಿ 1996ರಿಂದ ರೂಪಾಯಿ ನೋಟುಗಳು ಅಚ್ಚಾಗುತ್ತಿವೆ. ನೀರುಗುರುತು, ಭದ್ರತಾ ಎಳೆ, ಬೆರಳಿಗೆ ತಟ್ಟುವ ಉಬ್ಬು ಅಚ್ಚು, ಹೀಗೆ ನೋಟಿನ ಅಸಲಿತನವೆಲ್ಲ ಅದರ ಮೈಮೇಲೇ ಇದೆ. ದೇವರಾಜ ಮಾರುಕಟ್ಟೆಯ ಹೂವಿನ ವ್ಯಾಪಾರಿ ಬೆಳಕಿಗೆ ಹಿಡಿದು ಅದನ್ನು ಪರೀಕ್ಷಿಸಬಲ್ಲರು. ಆದರೆ ಅದೇ ನೋಟು ಪ್ಯಾರಿಸ್ಸಿನ ಅಂಗಡಿಯಲ್ಲಿ ನಡೆಯುವುದಿಲ್ಲ. ಮಕ್ಕಳನ್ನು, ಮೊಮ್ಮಕ್ಕಳನ್ನು ನೋಡಲು ಕುವೆಂಪುನಗರದಿಂದಲೋ ಸರಸ್ವತೀಪುರದಿಂದಲೋ ವಿಮಾನ ಹತ್ತುವ ಹಿರಿಯರು ಅಲ್ಲಿ ನೆಚ್ಚಿಕೊಳ್ಳುವುದು ಕಾರ್ಡನ್ನು. ಕಾರ್ಡಿನ ಅಸಲಿತನ ಕಣ್ಣಿಗೆ ಕಾಣುವಂಥದ್ದಲ್ಲ. ಅದು ಇರುವುದು ಒಂದು ಲೆಕ್ಕದಲ್ಲಿ.

ಕಾರ್ಡಿನ ಮೇಲಿನ ಚಿನ್ನದ ಬಣ್ಣದ ಚಿಪ್ಪು ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಬ್ಯಾಟರಿ ಇಲ್ಲ. ಯಂತ್ರದೊಳಗೆ ತೂರಿಸಿದಾಗ ಯಂತ್ರದಿಂದಲೇ ವಿದ್ಯುತ್ ಪಡೆಯುತ್ತದೆ. ಮುಟ್ಟಿಸಿ ಪಾವತಿಸುವಾಗಲಾದರೆ, ಯಂತ್ರ ಹೊಮ್ಮಿಸುವ 13.56 ಮೆಗಾಹರ್ಟ್ಸ್ ಕಾಂತಕ್ಷೇತ್ರ ಕಾರ್ಡಿನೊಳಗಿನ ತಂತಿಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ. ಎಚ್ಚೆತ್ತ ಚಿಪ್ಪಿಗೆ ಯಂತ್ರವು ಮೊತ್ತ, ದಿನಾಂಕ, ಕರೆನ್ಸಿಯ ಸಂಕೇತ (ಯೂರೋಗೆ 978, ಡಾಲರಿಗೆ 840, ನಮ್ಮ ರೂಪಾಯಿಗೆ 356) ಮತ್ತು ಆ ಕ್ಷಣಕ್ಕೆ ಹುಟ್ಟಿಸಿದ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಕೊಡುತ್ತದೆ. ಚಿಪ್ಪು ಇವಕ್ಕೆ ತನ್ನ ವ್ಯವಹಾರಗಳ ಎಣಿಕೆಯನ್ನು ಸೇರಿಸಿ, ತನ್ನಲ್ಲಿರುವ ಗುಪ್ತ ಕೀಲಿಯಿಂದ ಲೆಕ್ಕ ಹಾಕಿ ಉತ್ತರ ಹೊರಡಿಸುತ್ತದೆ. ಈ ಉತ್ತರವು ಭಾರತದಲ್ಲಿರುವ ಬ್ಯಾಂಕಿನ ಕಂಪ್ಯೂಟರಿಗೆ ಬರುತ್ತದೆ. ಅಲ್ಲಿಯೂ ಅದೇ ಕೀಲಿ, ಅದೇ ಲೆಕ್ಕ. ಎರಡು ಉತ್ತರಗಳೂ ಹೊಂದಿದರೆ, ಖಾತೆಯಲ್ಲಿ ಹಣವೂ ಇದ್ದರೆ, ಒಪ್ಪಿಗೆ ಮರಳುತ್ತದೆ. ಇಷ್ಟೆಲ್ಲ ಕೆಲವೇ ಸೆಕೆಂಡುಗಳ ಕೆಲಸ. ಇದರಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಒಂದೇ ಸಂಗತಿ: ಕೀಲಿ ಚಿಪ್ಪು ಬಿಟ್ಟು ಎಂದೂ ಹೊರಬರುವುದಿಲ್ಲ. ಉತ್ತರವನ್ನು ದಾರಿಯಲ್ಲಿ ಯಾರೋ ಕದ್ದರೂ ಮುಂದಿನ ಖರೀದಿಗೆ ಅದು ಕೆಲಸಕ್ಕೆ ಬಾರದು.

ಕಾರ್ಡಿನ ಹಿಂಬದಿಯ ಕಪ್ಪು ಪಟ್ಟಿಗೆ ಈ ಜಾಣ್ಮೆಯಿಲ್ಲ. ಉಜ್ಜಿದಾಗಲೆಲ್ಲ ಅದು ಹೇಳುವುದು ಅದನ್ನೇ. ಒಮ್ಮೆ ನಕಲು ಮಾಡಿಕೊಂಡವರು ಅದೇ ಪಟ್ಟಿಯ ಇನ್ನೊಂದು ಕಾರ್ಡು ತಯಾರಿಸಬಹುದು. 2033ರ ಹೊತ್ತಿಗೆ ತನ್ನ ಯಾವ ಕ್ರೆಡಿಟ್, ಡೆಬಿಟ್ ಕಾರ್ಡಿನಲ್ಲೂ ಪಟ್ಟಿ ಇರುವುದಿಲ್ಲ ಎಂದು ಮಾಸ್ಟರ್‌ಕಾರ್ಡ್ ಸಂಸ್ಥೆ 2021ರಲ್ಲೇ ಸಾರಿದೆ. ಅಲ್ಲಿಯವರೆಗೆ, ಅಂಗಡಿಯವರು ಎಷ್ಟೇ ಅವಸರ ಮಾಡಿದರೂ ಕಾರ್ಡನ್ನು ಉಜ್ಜಲು ಕೊಡಬೇಡಿ. ತೂರಿಸಿ, ಇಲ್ಲವೇ ಮುಟ್ಟಿಸಿ.

ಚಿಪ್ಪು ಇಷ್ಟು ಗಟ್ಟಿ. ಹಣ ಸೋರುವುದು ಬೇರೆ ಕಡೆ. ಯುರೋಪಿನ ಹೋಟೆಲಿನಲ್ಲಿ ಕಾರ್ಡು ತೂರಿಸಿದೊಡನೆ ಎಷ್ಟೋ ಸಲ ಪರದೆ ಕೇಳುತ್ತದೆ: ರೂಪಾಯಿಯಲ್ಲಿ ಕೊಡುತ್ತೀರೋ, ಯೂರೋದಲ್ಲೋ? ಪರಿಚಿತ ರೂಪಾಯಿ ಕಂಡು ಮನಸ್ಸು ಹಗುರಾಗುತ್ತದೆ, ಬೆರಳು ಅತ್ತ ಹೋಗುತ್ತದೆ. ವ್ಯವಹಾರ 978ರ ಬದಲು 356ರಲ್ಲಿ ದಾಖಲಾಗುತ್ತದೆ, ವಿನಿಮಯ ದರ ಕಟ್ಟುವ ಅಧಿಕಾರ ವ್ಯಾಪಾರಿಯ ಕಡೆಯವರ ಕೈಗೆ ಹೋಗುತ್ತದೆ. ಲೆಕ್ಕ ಸುಲಭವಾಗಲೆಂದು ಯೂರೋಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. 50 ಯೂರೋ ಊಟಕ್ಕೆ ನಿಮ್ಮ ಬ್ಯಾಂಕು ಶೇ 3.5 ಶುಲ್ಕ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಹಾಕಿದರೆ ಬಿಲ್ಲು 5,206 ರೂಪಾಯಿ 50 ಪೈಸೆ. ವ್ಯಾಪಾರಿಯ ಕಡೆಯವರು ಶೇ 6 ಏರಿಸಿ ರೂಪಾಯಿ ತೋರಿಸಿದರೆ 5,300. ವ್ಯಾಪಾರಿ ವಿದೇಶದವನೆಂಬ ಕಾರಣಕ್ಕೆ ಅದರ ಮೇಲೂ ಶುಲ್ಕ ಹಾಕುವ ಬ್ಯಾಂಕುಗಳು ನಮ್ಮಲ್ಲಿವೆ. ಆದ್ದರಿಂದ ಆಯಾ ದೇಶದ ಕರೆನ್ಸಿಯನ್ನೇ ಒತ್ತಿ. ಎಟಿಎಂ ಪರದೆಯಲ್ಲೂ ಇದೇ ಪ್ರಶ್ನೆ ಬರುತ್ತದೆ, ಅಲ್ಲೂ ಇದೇ ಉತ್ತರ.

ಅಮೆರಿಕದ ಪೆಟ್ರೋಲ್ ಬಂಕಿನಲ್ಲಿ ಇನ್ನೊಂದು ಪೇಚು. ಪಂಪು ನಿಮ್ಮ ವಿಳಾಸದ ಅಂಚೆ ಸಂಖ್ಯೆ ಕೇಳುತ್ತದೆ. ಅದಕ್ಕೆ ಬೇಕಾದ್ದು ಐದು ಅಂಕಿ, ಮೈಸೂರಿನ 570001ರಲ್ಲಿರುವುದು ಆರು. ಕಾರ್ಡು ಸರಿಯಾಗಿಯೇ ಇದ್ದರೂ ಪಂಪು ನಿರಾಕರಿಸಬಹುದು. ಒಳಗೆ ಹೋಗಿ ಕ್ಯಾಷಿಯರ್ ಬಳಿ ಮುಂಗಡ ಕೊಟ್ಟರೆ ಮುಗಿಯಿತು.

ಹೊರಡುವ ಮುನ್ನ ಮನೆಯಲ್ಲೇ ಆಗಬೇಕಾದ ಕೆಲಸವೂ ಇದೆ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸದಾಗಿ ಕೊಡುವ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮುಚ್ಚಿಯೇ ಇರುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ನೀವೇ ತೆರೆದು, ಮಿತಿ ಹಾಕಿ, ಮರಳಿದ ಮೇಲೆ ಮುಚ್ಚಬೇಕು. ಈ ಕೊನೆಯದನ್ನು ಮರೆಯುವವರೇ ಹೆಚ್ಚು. ವಿದೇಶದ ಅನೇಕ ಜಾಲತಾಣಗಳು ಓಟಿಪಿ ಕೇಳದೆಯೇ ಹಣ ಕಡಿತ ಮಾಡುವುದರಿಂದ ಆ ಬಾಗಿಲು ತೆರೆದಿಡುವುದು ಅಪಾಯ.

ನಿಮ್ಮ ಅಥವಾ ಬ್ಯಾಂಕಿನ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋದರೆ, 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ಭಾರತದ ಸಿಮ್ ತೆಗೆದಿಟ್ಟು ಅಲ್ಲಿನ ಸಿಮ್ ಹಾಕಿಕೊಂಡವರಿಗೆ ಎಸ್ಸೆಮ್ಮೆಸ್ ಕಾಣುವುದೇ ಇಲ್ಲ. ಇಮೇಲಿಗೂ ಸಂದೇಶ ಬರುವಂತೆ ಮಾಡಿಕೊಂಡು, ವಿದೇಶದಿಂದ ಕರೆ ಮಾಡಲು ಬ್ಯಾಂಕು ಕೊಡುವ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನ ಜೊತೆಗಿಟ್ಟುಕೊಳ್ಳಿ. 1800ರಿಂದ ಶುರುವಾಗುವ ಇಲ್ಲಿನ ಉಚಿತ ಸಂಖ್ಯೆಗಳು ಸಾಮಾನ್ಯವಾಗಿ ಅಲ್ಲಿಂದ ಸಿಗುವುದಿಲ್ಲ.