ಕ್ಷೇತ್ರಕಾರ್ಯದಲ್ಲಿ ಡಿಜಿಟಲ್ ಕೈರೇಡಿಯೋ: ಮಾನಕಗಳ ವಿಚಾರ

ರಾಯಚೂರು ಜಿಲ್ಲೆಯಲ್ಲಿ ಶಾಸನಗಳ ಅನ್ವೇಷಣೆಗೆ ಹೊರಟವರಿಗೆ ಒಬ್ಬರಿಂದೊಬ್ಬರಿಗೆ ಸುದ್ದಿ ಮುಟ್ಟಿಸುವುದು ಇಂದಿಗೂ ತೊಡಕಿನ ಕೆಲಸವೇ ಆಗಿದೆ. ಮೊಬೈಲ್ ದೂರವಾಣಿ ಎಲ್ಲೆಡೆಯೂ ಬಂದಿದೆಯಾದರೂ ನದೀತೀರದ ತಗ್ಗುಗಳಲ್ಲಿಯೂ ಬಂಡೆಗಳ ಮರೆಯಲ್ಲಿಯೂ ಅದು ಕೈಕೊಡುವುದನ್ನು ತಿರುಗಾಡಿದವರೆಲ್ಲರೂ ಬಲ್ಲರು. ಆದುದರಿಂದ ಜನರು ವಾಕಿಟಾಕಿಯೆಂದು ಕರೆಯುವ ಕೈರೇಡಿಯೋಗಳನ್ನು, ಅವುಗಳಲ್ಲಿಯೂ ಡಿಜಿಟಲ್ ಬಗೆಯವನ್ನು, ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪರಿಚಯಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇವೆ.

ಮೊದಲು ನಮ್ಮ ಅನುಭವವನ್ನೇ ಹೇಳುವುದು ಯುಕ್ತ. ಮಳೆಗಾಲದಲ್ಲೊಮ್ಮೆ ದೇವದುರ್ಗ ತಾಲ್ಲೂಕಿನ ಗಬ್ಬೂರಿನ ದೇವಾಲಯಗಳನ್ನೂ ಶಾಸನಗಳನ್ನೂ ನೋಡಿಕೊಂಡು, ಮರುದಿನ ವಿದ್ಯಾರ್ಥಿಗಳೊಡನೆ ಕೃಷ್ಣಾತೀರಕ್ಕೆ ಹೋಗಿದ್ದೆವು. ನಮ್ಮಲ್ಲಿ ಎರಡು ಸಲ ಕೊಂಡ ಎರಡು ಬಗೆಯ ಯಂತ್ರಗಳಿದ್ದುವು. ಎರಡರ ಪೆಟ್ಟಿಗೆಯ ಮೇಲೂ 'ಡಿಜಿಟಲ್' ಎಂದೂ '446 ಮೆಗಾಹರ್ಟ್ಸ್' ಎಂದೂ ಅಚ್ಚಾಗಿತ್ತು. ನಾವು ಅಷ್ಟಕ್ಕೇ ತೃಪ್ತರಾಗಿದ್ದೆವು. ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಿಟ್ಟಿರುವರೆಂದು ಊರಿನಲ್ಲಿ ಡಂಗುರ ಸಾರಿದಾಗ, ಕೆಳಗೆ ಬಂಡೆಗಳ ಮೇಲಿದ್ದ ನಾಲ್ವರನ್ನು ರೇಡಿಯೋದಲ್ಲಿ ಕೂಗಿದೆವು. ಉತ್ತರ ಬರಲಿಲ್ಲ. ಕೊನೆಗೆ ವಿದ್ಯಾರ್ಥಿಯೊಬ್ಬನು ಓಡಿಹೋಗಿ ಅವರನ್ನು ಕರೆತಂದನು. ನೀರು ಏರುವ ಮೊದಲೇ ಅವರು ಮೇಲೆ ಬಂದರೆಂಬುದು ನಮ್ಮ ಪುಣ್ಯ. ಅವರ ಕೈಯಲ್ಲಿದ್ದ ಯಂತ್ರವು ಕೆಟ್ಟಿರಲಿಲ್ಲ, ಬ್ಯಾಟರಿಯೂ ತುಂಬಿಯೇ ಇದ್ದಿತು.

ದೋಷವಿದ್ದುದು ಮಾನಕದಲ್ಲಿ. ನಮ್ಮದು ಡಿ.ಎಂ.ಆರ್., ಅವರದು ಡಿ.ಪಿ.ಎಂ.ಆರ್. ಹೆಸರಿನಲ್ಲಿ ಒಂದಕ್ಷರದ ಅಂತರವಿರುವ ಇವೆರಡೂ ಐರೋಪ್ಯ ದೂರಸಂಪರ್ಕ ಮಾನಕ ಸಂಸ್ಥೆಯವೇ; ಆದರೆ ಇವುಗಳ ಕ್ರಮವೇ ಬೇರೆ. 2005ರಲ್ಲಿ ಪ್ರಕಟವಾದ ಡಿ.ಎಂ.ಆರ್. ಮಾನಕವು 12.5 ಕಿಲೋಹರ್ಟ್ಸ್ ಅಗಲದ ಒಂದು ಪಥದಲ್ಲಿ ಕಾಲವನ್ನು 30 ಮಿಲಿಸೆಕೆಂಡುಗಳ ತುಂಡುಗಳಾಗಿ ವಿಭಜಿಸಿ, ಒಂದು ಬಿಟ್ಟು ಒಂದರಂತೆ ಎರಡು ಸಂಭಾಷಣೆಗಳಿಗೆ ಹಂಚುವುದು. ಡಿ.ಪಿ.ಎಂ.ಆರ್. ಕಾಲವನ್ನು ವಿಭಜಿಸದೆ ಪಥವನ್ನೇ 6.25 ಕಿಲೋಹರ್ಟ್ಸ್‌ಗೆ ಕಿರಿದುಗೊಳಿಸುವುದು. ಕಂಪನಾಂಕ ಒಂದೇ ಆಗಿದ್ದರೂ ಒಂದರ ಮಾತನ್ನು ಇನ್ನೊಂದು ಅರಿಯಲಾರದು. ಮಸ್ಕಿಯ ಅಶೋಕಶಾಸನದ ಅಕ್ಷರಗಳು ಕಣ್ಣಿಗೆ ಕಂಡರೂ ಬ್ರಾಹ್ಮಿಯನ್ನು ಕಲಿಯದವನಿಗೆ ಗೀರುಗಳಾಗಿಯೇ ಉಳಿಯುವಂತೆ ಇದು. ವಿಷಾದದ ಸಂಗತಿಯೆಂದರೆ, ನಮ್ಮ ಎರಡೂ ಯಂತ್ರಗಳಲ್ಲಿ ಹಳೆಯ ಎಫ್.ಎಂ. ವಿಧಾನವೂ ಇದ್ದಿತು, ಅದಕ್ಕೆ ತಿರುಗಿಸಿದ್ದರೆ ಕೂಗು ಕೇಳಿಸುತ್ತಿತ್ತು.

ಇತರ ಮಾನಕಗಳೂ ಉಂಟು. ಟೆಟ್ರಾ ಎಂಬುದು 25 ಕಿಲೋಹರ್ಟ್ಸ್‌ನಲ್ಲಿ ನಾಲ್ಕು ಸಂಭಾಷಣೆಗಳನ್ನು ಅಳವಡಿಸುವುದು. ಪ್ರಾಜೆಕ್ಟ್ 25 ಅಮೆರಿಕದ ಪೊಲೀಸು ಮತ್ತು ಅಗ್ನಿಶಾಮಕ ದಳಗಳಿಗಾಗಿ ಬೆಳೆದುದು. ಡಿ-ಸ್ಟಾರ್ ಜಪಾನಿನ ಹವ್ಯಾಸಿಗಳದು. ಕಾಲೇಜಿನ ತಂಡಕ್ಕೆ ಇವುಗಳ ಗೊಡವೆ ಬೇಡ. ಡಿ.ಎಂ.ಆರ್. ಸಾಕು, ಅದರಲ್ಲಿಯೂ ಕಂಪನಾಂಕವಲ್ಲದೆ ಕಲರ್ ಕೋಡ್, ಟೈಮ್‌ಸ್ಲಾಟ್, ಗುಂಪಿನ ಸಂಖ್ಯೆ ಇವು ಎಲ್ಲ ಯಂತ್ರಗಳಲ್ಲಿಯೂ ಹೊಂದಿರತಕ್ಕದ್ದು.

ಡಿಜಿಟಲ್ ಧ್ವನಿಯ ಸ್ವಭಾವವೊಂದನ್ನು ವಿಶೇಷವಾಗಿ ಗಮನಿಸಬೇಕು. ಎಫ್.ಎಂ.ನಲ್ಲಿ ದೂರ ಹೆಚ್ಚಿದಂತೆ ಗೊರಗೊರ ಶಬ್ದ ಹೆಚ್ಚಿ, ಸಂಪರ್ಕ ತಪ್ಪಲಿದೆಯೆಂದು ಮುನ್ಸೂಚನೆ ದೊರೆಯುವುದು. ಡಿಜಿಟಲ್‌ನಲ್ಲಿ ಮಾತು ಅಂಚಿನವರೆಗೂ ಸ್ವಚ್ಛವಾಗಿದ್ದು ಫಕ್ಕನೆ ನಿಂತುಹೋಗುವುದು. ಹೊಸಬರು ಇದರಿಂದ ಮೋಸಹೋಗುವರು.

ದೂರದ ವಿಷಯದಲ್ಲಿ ಅಂಗಡಿಯವರ ಮಾತನ್ನು ನಂಬಲಾಗದು. ಆಂಟೆನಾದ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ, ಸಮತಲದಲ್ಲಿ ರೇಡಿಯೋ ದಿಗಂತವು ಎಷ್ಟು ಕಿಲೋಮೀಟರೆಂಬುದು ಬರುವುದು. ಒಂದೂವರೆ ಮೀಟರು ಎತ್ತರದಲ್ಲಿ ಹಿಡಿದ ಯಂತ್ರಕ್ಕೆ ಸುಮಾರು 5. ಅಂತಹ ಎರಡರ ನಡುವೆ 10. ರಾಯಚೂರಿನ ಕೋಟೆಯ ಬೆಟ್ಟವು ಬಯಲಿನಿಂದ ಸುಮಾರು 290 ಅಡಿ ಎತ್ತರವಿರುವುದರಿಂದ, ಅಲ್ಲಿಂದ ಬಯಲಿನ ಯಂತ್ರಕ್ಕೆ 44 ಕಿಲೋಮೀಟರಿನಷ್ಟಾಗುವುದು. ಕೋಟೆ ಕಟ್ಟಿದವರು ಆ ಬೆಟ್ಟವನ್ನೇ ಆರಿಸಿಕೊಂಡುದರ ಮರ್ಮ ಇಲ್ಲಿಯೂ ಹೊಳೆಯುವುದು! ಆದರೆ ಇದು ಕಾಗದದ ಲೆಕ್ಕ. ಅಲ್ಪಶಕ್ತಿಯ ಯಂತ್ರದ ಮಾತು ಮರಗಿಡ, ಮನೆಗಳ ನಡುವೆ ಒಂದೆರಡು ಕಿಲೋಮೀಟರು ಹೋದರೆ ಹೆಚ್ಚು. ರಾಯಚೂರಿನಿಂದ ಮಾನ್ವಿಯಾಗಲಿ ದೇವದುರ್ಗವಾಗಲಿ ರಸ್ತೆಯಲ್ಲಿ 40 ಕಿಲೋಮೀಟರಿಗೂ ಮಿಗಿಲಾದ ದೂರ. ಅಲ್ಲಿಗೆ ಮಾತನಾಡಲು ಎತ್ತರದಲ್ಲಿ ರಿಪೀಟರ್ ಬೇಕು, ಅದಕ್ಕೆ ಪರವಾನಗಿ ಬೇಕು.

ಪರವಾನಗಿಯ ವಿಚಾರವನ್ನು ಹಗುರಾಗಿ ಕಾಣುವಂತಿಲ್ಲ. 1933ರ ಭಾರತೀಯ ನಿಸ್ತಂತು ತಂತಿ ಅಧಿನಿಯಮವು ಪರವಾನಗಿಯಿಲ್ಲದೆ ಇಂತಹ ಯಂತ್ರವನ್ನು ಇಟ್ಟುಕೊಳ್ಳುವುದನ್ನೇ ಅಪರಾಧವೆಂದಿತು. ಅದರ ಸ್ಥಾನಕ್ಕೆಂದು ಸಂಸತ್ತು 2023ರಲ್ಲಿ ದೂರಸಂಪರ್ಕ ಅಧಿನಿಯಮವನ್ನು ಅಂಗೀಕರಿಸಿತು. 2018ರ ನಿಯಮಗಳ ಮೇರೆಗೆ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಅಲ್ಪಶಕ್ತಿಯ ಯಂತ್ರಗಳಿಗೆ ಮಾತ್ರ ವಿನಾಯಿತಿ ಉಂಟು. ಅವುಗಳ ಮಾದರಿಗೂ ಸರ್ಕಾರದ ಅನುಮೋದನೆ ಇರಲೇಬೇಕು. ಅಂತರ್ಜಾಲದ ಅಂಗಡಿಗಳಲ್ಲಿ ಈ ವಿವರಗಳಿಲ್ಲದೆಯೇ ವಾಕಿಟಾಕಿಗಳು ಮಾರಾಟವಾಗುತ್ತಿದ್ದುದರಿಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಹವ್ಯಾಸಿ ಪರವಾನಗಿಯ ದಾರಿಯೂ ಇದೆ. ಆದರೆ ಅದು ಪರೀಕ್ಷೆ ಕೊಟ್ಟ ವ್ಯಕ್ತಿಗೆ ಸಲ್ಲುವುದೇ ಹೊರತು ಅವನ ತಂಡಕ್ಕಲ್ಲ.

ತುಂಗಭದ್ರೆಯ ದಡದ ಊರುಗಳನ್ನು ನೋಡಲು ಮಾನ್ವಿಯ ಕಡೆಗೆ ಹೊರಡುವಾಗ ನಾವೀಗ ಎಲ್ಲ ಯಂತ್ರಗಳನ್ನೂ ಕಾಲೇಜಿನ ಅಂಗಳದಲ್ಲಿ ಸಾಲಾಗಿ ಇಟ್ಟು, ಒಂದೊಂದರಿಂದಲೂ ಉಳಿದವನ್ನು ಕರೆದು ನೋಡುತ್ತೇವೆ. ಉತ್ತರ ಕೊಡದ ಯಂತ್ರವು ಬೀರುವಿನಲ್ಲಿಯೇ ಉಳಿಯುವುದು.