ಮುರಿದ ಆಕ್ಸಲ್ಲಿನ ಸಾಕ್ಷಿ

ತಾಳವಾಡಿ ಬೆಟ್ಟದ ಕೋಸು, ಟೊಮೇಟೊ, ಕಬ್ಬು ಸತ್ಯಮಂಗಲದ ಕಡೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ತಿರುವು ದಾಟಬೇಕು. ಅಲ್ಲೊಂದು ಲಾರಿ 'ಆಕ್ಸಲ್ ಕಟ್' ಆಗಿ ನಿಂತರೆ ಹಿಂದೆ ಮುಂದೆ ಗಾಡಿಗಳು ಸಾಲುಗಟ್ಟುತ್ತವೆ. ಬೈಗುಳವೆಲ್ಲ ಡ್ರೈವರ್‌ಗೆ: ಲೋಡು ಜಾಸ್ತಿ ಹಾಕಿದ, ಕ್ಲಚ್ ದಡಕ್ಕನೆ ಬಿಟ್ಟ. ಲೋಹಶಾಸ್ತ್ರದ ಎಂಜಿನಿಯರ್ ಮಾತ್ರ ಮುರಿದ ಮುಖ ನೋಡದೆ ಯಾರನ್ನೂ ದೂರುವುದಿಲ್ಲ.

ಹೊರಲಾರದ ಹೊರೆ ಬಿದ್ದರೆ ಉಕ್ಕು ಒಂದೇ ಸಲಕ್ಕೆ ತುಂಡಾಗಬಹುದು. ಹೊರಬಲ್ಲ ಹೊರೆಯೇ ಲಕ್ಷಗಟ್ಟಲೆ ಸಲ ಮರುಕಳಿಸಿದರೂ ತುಂಡಾಗಬಹುದು. ಇದು ಲೋಹದ ದಣಿವು. 1842ರ ಮೇ 8ರಂದು ಫ್ರಾನ್ಸಿನ ವರ್ಸಾಯ್ ಬಳಿ ರೈಲು ಎಂಜಿನ್ನಿನ ಆಕ್ಸಲ್ ಮುರಿದು 50ಕ್ಕೂ ಹೆಚ್ಚು ಜನ ಸತ್ತರು. ಆಕ್ಸಲ್‌ಗಳು ಹೀಗೇಕೆ ಮುರಿಯುತ್ತವೆ ಎಂಬ ಹುಡುಕಾಟ ಆಮೇಲೆ ಬಿರುಸಾಯಿತು. ದಣಿವಿನ ಲೆಕ್ಕವನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಜರ್ಮನಿಯ ಆಗಸ್ಟ್ ವೋಲರ್.

ದಣಿದು ಮುರಿದ ಮುಖದಲ್ಲಿ ಎರಡು ಭಾಗ ಕಾಣುತ್ತದೆ. ಒಂದು ನುಣುಪು, ಕೆಲವೊಮ್ಮೆ ತುಕ್ಕಿನಿಂದ ಕಪ್ಪಾಗಿರುತ್ತದೆ. ಬೇಸಿಗೆಯಲ್ಲಿ ಕೆರೆ ಇಳಿದಂತೆಲ್ಲ ದಡದಲ್ಲಿ ಉಳಿಯುವ ಗೆರೆಗಳಂತೆ ಅದರ ಮೇಲೆ ಬಾಗಿದ ಗೆರೆಗಳಿರುತ್ತವೆ. ಬಿರುಕು ನಿಂತು ನಿಂತು ಬೆಳೆದ ಗುರುತು ಅದು. ಇನ್ನೊಂದು ಒರಟು, ಹೊಸದಾಗಿ ಹೊಳೆಯುವ ಭಾಗ. ಕೊನೆಯ ಕ್ಷಣದಲ್ಲಿ ಹರಿದದ್ದು. ಈ ಒರಟು ಭಾಗ ಚಿಕ್ಕದಿದ್ದರೆ ಹೊರೆ ಮಿತಿಯಲ್ಲೇ ಇತ್ತು, ಬಿರುಕು ಹಳೆಯದು ಎಂದು ಊಹಿಸಬಹುದು. ಘಾಟಿಯ ತಿರುವಿನಲ್ಲಿ ಫಸ್ಟ್ ಗೇರಿಗೆ ಇಳಿಸಿದಾಗ ಆಕ್ಸಲ್ ಮೇಲೆ ತಿರುಚುವ ಬಲ ಹೆಚ್ಚು. ಉಳಿದಿದ್ದ ಚೂರು ಅಲ್ಲಿ ಹರಿಯಿತು, ಅಷ್ಟೆ. ಡ್ರೈವರ್‌ನ ತಪ್ಪು ಎನ್ನುವುದು ಆಗ ಅನ್ಯಾಯ.

ಗೆರೆಗಳನ್ನು ಹಿಂದಕ್ಕೆ ಹಿಡಿದು ಹೋದರೆ ಬಿರುಕು ಹುಟ್ಟಿದ ಜಾಗ ಸಿಗುತ್ತದೆ: ಆಕ್ಸಲ್ ತುದಿಯ ಹಲ್ಲಿನ ಬುಡ, ತುಕ್ಕಿನ ಗುಳಿ, ಗ್ಯಾರೇಜಿನಲ್ಲಿ ವೆಲ್ಡಿಂಗ್ ರಾಡು ತಾಗಿದ ಸಾಸಿವೆಯಷ್ಟು ಚುಕ್ಕೆ. ಫೋಟೊ, ಸೂಕ್ಷ್ಮದರ್ಶಕ ಎಲ್ಲ ಮುಗಿದ ಮೇಲೆಯೇ ಗರಗಸ. ತುಂಡು ಕೊಯ್ದು, ಕನ್ನಡಿಯಂತೆ ಉಜ್ಜಿ, ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲ್ ಸವರಿದರೆ ಉಕ್ಕಿನ ಒಳರಚನೆ ಕಾಣುತ್ತದೆ. ಮೇಲ್ಪದರವನ್ನು ಬೇಕಾದಷ್ಟು ಗಟ್ಟಿಮಾಡಿದ್ದರೋ ಇಲ್ಲವೋ ಅಲ್ಲಿ ತಿಳಿಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ (ಎನ್‌ಎಎಲ್) ವಿಮಾನದ ಮುರಿದ ಭಾಗಗಳನ್ನು ಪರೀಕ್ಷಿಸುವ ತಂಡವಿದೆ. ಲಾರಿಯ ಆಕ್ಸಲ್‌ಗೂ ವಿಮಾನದ ಭಾಗಕ್ಕೂ ತನಿಖೆಯ ತತ್ವ ಒಂದೇ.

ಆದ್ದರಿಂದ ಲಾರಿ ಮಾಲೀಕರೇ, ಮುರಿದ ಎರಡೂ ತುಂಡು ಗುಜರಿಗೆ ಹಾಕಬೇಡಿ. ಕೂಡುತ್ತದೆಯೇ ಎಂದು ಒಂದಕ್ಕೊಂದು ಒತ್ತಿ ನೋಡಬೇಡಿ, ತಂತಿ ಬ್ರಷ್ಷಿನಿಂದ ಉಜ್ಜಬೇಡಿ. ನೀರು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಹೊಸದು ಹಾಕಿಸುವ ದಿನವೇ ಇನ್ನೊಂದು ಬದಿಯ ಆಕ್ಸಲ್ಲನ್ನೂ ಬಿಚ್ಚಿಸಿ ನೋಡಿ. ಮುರಿದದ್ದರ ಜೊತೆಗೇ ಹಾಕಿಸಿದ್ದಾಗಿದ್ದರೆ ಅದೂ ಅಷ್ಟೇ ಕಿಲೋಮೀಟರ್ ಓಡಿರುತ್ತದೆ.