ಹೆಸರಿಟ್ಟಾಗ ಮಕ್ಕಳ ಸುಳಿವೇ ಇರಲಿಲ್ಲ!

ಕೌದಳ್ಳಿಯವರೇ, ಒಂದು ಪ್ರಶ್ನೆ. 1866ರಲ್ಲಿ ನಿಮ್ಮೂರು ಯಾವ ಸರ್ಕಾರದ ಕೆಳಗಿತ್ತು? ಮೈಸೂರು ಅಂದಿರಾ? ಅಲ್ಲ! ಕೊಳ್ಳೇಗಾಲ ಸೀಮೆ ಆಗ ಕೊಯಮತ್ತೂರು ಜಿಲ್ಲೆಯದು. ಆಳ್ವಿಕೆ ಮದರಾಸಿನದು. ಅದೂ 1956ರ ತನಕ!

ಅದೇ ಮದರಾಸು ಸರ್ಕಾರಕ್ಕೆ ಆಕಾಶ ನೋಡಲೆಂದೇ ಒಬ್ಬ ಖಗೋಳಶಾಸ್ತ್ರಜ್ಞನಿದ್ದ. ನಾರ್ಮನ್ ಪಾಗ್ಸನ್! ಕ್ಯಾಮೆರಾ ಇಲ್ಲ, ಕಂಪ್ಯೂಟರ್ ಇಲ್ಲ. ಇದ್ದದ್ದು ದೂರದರ್ಶಕ, ನಕ್ಷತ್ರಗಳ ನಕ್ಷೆ, ಎರಡು ಕಣ್ಣು. ನಕ್ಷೆಯಲ್ಲಿಲ್ಲದ ಚುಕ್ಕಿ ಕಾಣಬೇಕು. ಮಾರನೆಯ ರಾತ್ರಿ ಅದು ಜಾಗ ಬದಲಿಸಿರಬೇಕು.

1866ರ ಮೇ 16. ಸಿಕ್ಕೇಬಿಟ್ಟಿತು!

ಮಂಗಳ, ಗುರು ನಡುವಿನ ಕ್ಷುದ್ರಗ್ರಹ ಪಟ್ಟಿಯ ಹೊರ ಅಂಚು. ಅಲ್ಲೊಂದು ಹೊಸ ಲೋಕ. ಕ್ರಮಸಂಖ್ಯೆ 87. ಪಾಗ್ಸನ್ ಇಟ್ಟ ಹೆಸರು ಸಿಲ್ವಿಯಾ. ರೋಮನ್ನರ ಪುರಾಣದಲ್ಲಿ ರಿಯಾ ಸಿಲ್ವಿಯಾ ಅವಳಿ ಗಂಡುಮಕ್ಕಳ ತಾಯಿ. ಈ ಅವಳಿಗಳನ್ನು ಮರೆಯಬೇಡಿ!

ಸಿಲ್ವಿಯಾ ಸಣ್ಣದೇನಲ್ಲ. ಸರಾಸರಿ ಅಡ್ಡಗಲ ಸುಮಾರು 270 ಕಿ.ಮೀ. ಸೂರ್ಯನನ್ನು ಸುತ್ತಲು ಆರೂವರೆ ವರ್ಷ. ತನ್ನ ಸುತ್ತ ತಾನು ತಿರುಗಲು? ಊಹಿಸಿ! ಭೂಮಿಗೆ 24 ಗಂಟೆ ಬೇಕು. ಇದಕ್ಕೆ ಬರೀ 5 ಗಂಟೆ 11 ನಿಮಿಷ! ಇಷ್ಟು ರಭಸಕ್ಕೆ ಗಟ್ಟಿ ಬಂಡೆಯೇ ಇರಬೇಕಲ್ಲವೇ? ಇಲ್ಲ! ಸಾಂದ್ರತೆ ನೀರಿಗಿಂತ ತುಸುವೇ ಹೆಚ್ಚು. ಎಂದೋ ಡಿಕ್ಕಿಯಲ್ಲಿ ಪುಡಿಯಾಗಿ, ಚೂರುಗಳೆಲ್ಲ ಮತ್ತೆ ಒಟ್ಟುಗೂಡಿದ ಜಲ್ಲಿ ರಾಶಿಯಂಥದ್ದು ಇದು ಎಂದು 2005ರಲ್ಲಿ ವಿಜ್ಞಾನಿಗಳು ಹೇಳಿದರು.

ಆದರೆ ನನ್ನ ಮೈ ಜುಂ ಎನ್ನಿಸಿದ್ದು ಇದಲ್ಲ.

2001ರ ಫೆಬ್ರವರಿ. ಹವಾಯಿಯ ಕೆಕ್ ದೂರದರ್ಶಕದಲ್ಲಿ ಮೈಕೆಲ್ ಬ್ರೌನ್ ಮತ್ತು ಜಾನ್ ಲುಕ್ ಮಾರ್ಗೋ ಸಿಲ್ವಿಯಾದ ಪಕ್ಕ ಒಂದು ಚುಕ್ಕಿ ಕಂಡರು. ಚಂದ್ರ! ಕ್ಷುದ್ರಗ್ರಹಕ್ಕೂ ಚಂದ್ರ! ಅಷ್ಟಕ್ಕೇ ನಿಲ್ಲಲಿಲ್ಲ. ಚಿಲಿಯ ದೂರದರ್ಶಕ 2004ರಲ್ಲಿ ತೆಗೆದ ಚಿತ್ರಗಳಲ್ಲಿ ಫ್ರಾಂಕ್ ಮಾರ್ಚಿಸ್ ತಂಡಕ್ಕೆ ಇನ್ನೊಂದೂ ಸಿಕ್ಕಿತು. ಎರಡು ಚಂದ್ರರಿರುವ ಕ್ಷುದ್ರಗ್ರಹ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಸಿಲ್ವಿಯಾವೇ ಮೊದಲು!

ಹೆಸರೇನಿಟ್ಟರು, ಹೇಳಿ ನೋಡೋಣ? ರೊಮುಲಸ್, ರೆಮುಸ್. ಪುರಾಣದ ಅದೇ ಅವಳಿಗಳು! ಪಾಗ್ಸನ್‌ಗೆ ಈ ಚಂದ್ರರ ಸುಳಿವೇ ಇರಲಿಲ್ಲ. ತಾಯಿಯ ಹೆಸರಿಟ್ಟು 139 ವರ್ಷವಾದ ಮೇಲೆ ಲೋಕಕ್ಕೆ ಇಬ್ಬರು ಮಕ್ಕಳ ವಿಷಯವೂ ತಿಳಿಯಿತು!

ರೆಮುಸ್ ಹತ್ತಿರದವನು, ಸುಮಾರು 710 ಕಿ.ಮೀ. ದೂರ, 33 ಗಂಟೆಗೊಂದು ಸುತ್ತು. ರೊಮುಲಸ್ 1,360 ಕಿ.ಮೀ. ಆಚೆ. ಅವನ ಸುತ್ತಿಗೆ ಎಷ್ಟು ಗಂಟೆ? 87ರ ಮೇಲೆ ಚಿಲ್ಲರೆ! ತಾಯಿಯ ಕ್ರಮಸಂಖ್ಯೆ ನೆನಪಿದೆಯಲ್ಲ? ಬರೀ ಕಾಕತಾಳೀಯ, ಆದರೂ ಎಂಥ ಚೆಂದ!

ಸಿಲ್ವಿಯಾ ಬರಿಗಣ್ಣಿಗೆ ಕಾಣುವುದಿಲ್ಲ. ಹನೂರು, ಕೌದಳ್ಳಿಯ ಮೇಷ್ಟ್ರುಗಳೇ, ನಾಳೆಯೇ ಮಕ್ಕಳಿಗೆ ಈ ಕಥೆ ಹೇಳಿ. ದೂರದರ್ಶಕ ಎಲ್ಲಾದರೂ ಸಿಕ್ಕರೆ, ಹುಡುಕುವ ಅವಕಾಶ ಮೊದಲು ಅವರಿಗೇ ಕೊಡಿ!